ತಲುಪಿಯೂ ಓದಲಾಗದ ಕಡತ

ಸಮೇತನಹಳ್ಳಿಯ ಕಡೆಯ ಮದುವೆ ಕರೆಯೋಲೆಗಳು ಡಿಟಿಪಿ ಅಂಗಡಿಯಲ್ಲಿ ಟೈಪಾಗಿ, ಬೆಂಗಳೂರಿನ ಪ್ರೆಸ್ಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲವೊಂದಿತ್ತು. ಜೇಬಿನಲ್ಲಿ ಮೂರೂವರೆ ಇಂಚಿನ ಫ್ಲಾಪಿ, ಅದು ಹಿಡಿಯುತ್ತಿದ್ದುದು 1.44 ಎಂಬಿ. ಜೊತೆಗೆ ಪ್ರಿಂಟ್‌ಔಟ್ ಇರಲೇಬೇಕು. ಪ್ರೆಸ್ಸಿನಲ್ಲಿ ಅಕ್ಷರ ಒಡೆದಿದ್ದರೆ ಅದನ್ನು ನೋಡಿಕೊಂಡು ಮತ್ತೆ ಟೈಪ್ ಮಾಡಬೇಕಿತ್ತು.

ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಡತ ಸಾಗಿಸಿದ ಆರಂಭದ ವಿಧಾನಗಳನ್ನು ನಿಧಾನವೆಂದು ತಳ್ಳಿಹಾಕುವವರೇ ಹೆಚ್ಚು. ನನಗದು ಒಪ್ಪಿಗೆಯಿಲ್ಲ. 1977ರಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ರೂಪಿಸಿದ ಎಕ್ಸ್‌ಮೋಡೆಮ್ ಕಡತವನ್ನು 128 ಬೈಟುಗಳ ತುಂಡು ಮಾಡಿ, ಪ್ರತಿ ತುಂಡಿನ ಬೆನ್ನಿಗೆ ಅದರ ಮೊತ್ತವನ್ನೂ ಕಳಿಸುತ್ತಿತ್ತು. ಆ ತುದಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಅದೇ ತುಂಡು ಮತ್ತೆ ಬರುತ್ತಿತ್ತು. ಗೊರಗುಟ್ಟುವ ಟೆಲಿಫೋನ್ ಲೈನಿನ ಮೇಲೆ ಬರೀ ಕೂಡುವ ಲೆಕ್ಕದಿಂದ ಇಷ್ಟು ಭರವಸೆ ಹುಟ್ಟಿಸಿದ್ದು ಸಣ್ಣ ಮಾತಲ್ಲ. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್, ಏಳು ಬಿಟ್ ಮಾತ್ರ ಒಯ್ಯುವ ಲೈನಿನಲ್ಲೂ ಎಂಟನೆಯ ಬಿಟ್ಟನ್ನು ಗುರುತು ಹಾಕಿ ದಾಟಿಸಬಲ್ಲದಾಗಿತ್ತು.

ಆ ಎಂಟನೆಯ ಬಿಟ್ಟಿನಲ್ಲೇ ಕನ್ನಡದ ಕಷ್ಟವಿತ್ತು. ನಮ್ಮ ಡಿಟಿಪಿ ಫಾಂಟುಗಳು ತಲೆಕಟ್ಟು, ಕೊಂಬು, ಒತ್ತುಗಳಂಥ ಅಕ್ಷರದ ಚೂರುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಎಷ್ಟೋ ಚೂರುಗಳ ಸಂಕೇತಸಂಖ್ಯೆ ಏಳು ಬಿಟ್ಟಿನ ಮಿತಿಯಾದ 127ನ್ನು ಮೀರಿತ್ತು. 1982ರ ಇಮೇಲ್ ನಿಯಮ ಏಳು ಬಿಟ್ಟಿನದು. ಆ ದಾರಿಯಲ್ಲಿ ಇಂಥ ಕನ್ನಡ ಹಾಗೇ ಹೋದರೆ ಒತ್ತುಗಳು ಉದುರಿದಂತೆಯೇ. ಯಾವ ಬೈಟನ್ನಾದರೂ ಸುರಕ್ಷಿತವಾಗಿ ಕಟ್ಟಿ ಕಳಿಸುವ ಮೈಮ್ ಬಂದದ್ದು 1992ರಲ್ಲಿ.

ಬೈಟು ಒಂದೂ ಕಳೆಯದೆ ತಲುಪಿದರೂ ಕೆಲಸ ಮುಗಿಯುತ್ತಿರಲಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ 'ಕನ್ನಡ', ಆ ಫಾಂಟ್ ಇಲ್ಲದ ಯಂತ್ರದಲ್ಲಿ ರೋಮನ್ 'ಪಿ'ಯಿಂದ ಶುರುವಾಗುತ್ತಿತ್ತು. ಫ್ಲಾಪಿಗೂ ಮೋಡೆಮ್ಮಿಗೂ ಈ ತಪ್ಪು ಹೊರಿಸಲಾಗದು. ಅವು ಒಪ್ಪಿಸಿದ್ದನ್ನು ಒಪ್ಪಿಸಿದಂತೆಯೇ ಮುಟ್ಟಿಸಿದವು. ನಮ್ಮ ಲಿಪಿಗಳಿಗೆ ಸಮಾನ ಸಂಕೇತ ಕೊಡುವ ಇಸ್ಕಿ ಭಾರತೀಯ ಮಾನಕವಾದದ್ದೂ ಯೂನಿಕೋಡಿನಲ್ಲಿ ಕನ್ನಡ ಸೇರಿದ್ದೂ 1991ರಲ್ಲೇ. ಆದರೂ ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ, ಚೂರುಗಳ ಫಾಂಟೇ ಗತಿಯಾಯಿತು. ಡಿಟಿಪಿಯವರು ಹಟ ಹಿಡಿದರೆಂದು ದೂರುವವರು ಈ ಅನಿವಾರ್ಯವನ್ನು ನೋಡಿಲ್ಲ. ದೂರಬೇಕಾದದ್ದು, ಒಂದೊಂದು ಫಾಂಟ್ ಕಂಪನಿಯೂ ತನ್ನದೇ ಸಂಕೇತ ಮಾಡಿಕೊಂಡು ಗಿರಾಕಿಯ ಬರಹವನ್ನು ತನಗೇ ಕಟ್ಟಿಹಾಕಿಕೊಂಡ ವ್ಯಾಪಾರವನ್ನು.

ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆ ಒಂದು ಸಮಾನ ಸಂಕೇತ ಕೊಟ್ಟಿದ್ದು ದೊಡ್ಡ ಉಪಕಾರ. ಈಗ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವವರು ಜಾಗ ತಪ್ಪಿದ ಅರ್ಕಾವತ್ತುಗಳನ್ನು ಸಾಲು ಸಾಲಾಗಿ ತಿದ್ದುತ್ತಿದ್ದಾರೆ.