ಹಣ್ಣು ಮೊದಲೋ, ಅಂಗ ಮೊದಲೋ: ‘ಆವಕಾಡೊ’ ವ್ಯುತ್ಪತ್ತಿಯ ಒಂದು ಮರುಪರಿಶೀಲನೆ

‘ಆವಕಾಡೊ’ ಪದದ ಮೂಲಾರ್ಥ ‘ವೃಷಣ’ ಎಂಬ ಹೇಳಿಕೆ ಜನಪ್ರಿಯ ಬರಹಗಳಿಂದ ಅರ್ಥಪಲ್ಲಟದ ಚರ್ಚೆಗಳಿಗೂ ಉದಾಹರಣೆಯಾಗಿ ನುಸುಳಿದೆ. ಇದಕ್ಕೆ ಆಧಾರವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆಧಾರವನ್ನು ತಲೆಕೆಳಗಾಗಿ ಓದಲಾಗಿದೆ ಎಂಬುದು ನಮ್ಮ ಆಕ್ಷೇಪ.

ಅಲೋನ್ಸೊ ದೆ ಮೊಲಿನಾನ 1571ರ ನಹುವಾಟ್ಲ್ ನಿಘಂಟು ‘ಆವಾಕಟ್ಲ್’ ಪದಕ್ಕೆ ಮೊದಲು ಹಣ್ಣೆಂಬ ಅರ್ಥವನ್ನೂ ಬಳಿಕ ವೃಷಣವೆಂಬ ಅರ್ಥವನ್ನೂ ಕೊಡುತ್ತದೆ. ಎರಡು ಅರ್ಥಗಳು ಜೊತೆಯಲ್ಲಿದ್ದವೆಂಬುದನ್ನಷ್ಟೇ ಇದು ತೋರಿಸುತ್ತದೆ. ಯಾವುದರಿಂದ ಯಾವುದು ಹುಟ್ಟಿತೆಂಬುದನ್ನಲ್ಲ. ಕನ್ನಡದ ‘ಬೀಜ’ವನ್ನೇ ನೋಡಬಹುದು. ಹೋರಿಯ ಬೀಜ ಒಡೆಯುವ ಮಾತು ರೈತರಿಗೆ ಹೊಸದಲ್ಲ. ಅಷ್ಟರಿಂದಲೇ ಬಿತ್ತುವ ಬೀಜಕ್ಕೆ ಆ ಅಂಗದಿಂದ ಹೆಸರು ಬಂದಿತೆಂದು ಯಾರೂ ವಾದಿಸಲಾರರು. ಸ್ಪಾನಿಷ್ ಆಡುಮಾತಿನಲ್ಲಿ ಮೊಟ್ಟೆಗಳಿಗೆ ಒದಗಿರುವ ಗತಿಯೂ ಇದೇ. ನಿಷಿದ್ಧ ಅಂಗಗಳು ನಿತ್ಯದ ವಸ್ತುಗಳಿಂದ ಹೆಸರನ್ನು ಎರವಲು ಪಡೆಯುವುದು ಸಾಮಾನ್ಯ. ವಿರುದ್ಧ ದಿಕ್ಕಿನ ಚಲನೆಯನ್ನು ಪ್ರತಿಪಾದಿಸುವವರು ಪ್ರತ್ಯೇಕ ಪುರಾವೆ ಒದಗಿಸಬೇಕು. ಮೇಲಾಗಿ ಆ ಅಂಗಕ್ಕೆ ನಹುವಾಟ್ಲ್‌ನಲ್ಲಿ ‘ಆತೆಟ್ಲ್’ ಎಂಬ ಬೇರೆ ಪದವೇ ಇದೆ.

ತೌಲನಿಕ ಸಾಕ್ಷ್ಯವೂ ಹಣ್ಣಿನ ಪರವಾಗಿಯೇ ಇದೆ. ಇದಕ್ಕೆ ಪುನಾರಚಿಸಲಾದ ಆದಿರೂಪ *ಪಾವ. ಅದರ ಅರ್ಥವೂ ಹಣ್ಣೇ. ಪದಾದಿ ಪಕಾರದ ಲೋಪ, ‘ನೀರು’ ಎಂಬರ್ಥದ *ಪಾ ‘ಆಟ್ಲ್’ ಆದಲ್ಲಿಯೂ ಕಾಣುತ್ತದೆ. ಪಾಲು-ಹಾಲು-ಆಲು ಬಲ್ಲ ನಮಗೆ ಇದು ಅಪರಿಚಿತವಲ್ಲ. ಆದರೆ ಉಳಿದ ‘-ಕ’ ಭಾಗವನ್ನು ಈ ಪುನಾರಚನೆಯೊಂದೇ ವಿವರಿಸದು. ಆದ್ದರಿಂದ ಇದರ ಮೇಲೆ ನಾವು ಹೆಚ್ಚಿನ ಭಾರ ಹೊರಿಸುವುದಿಲ್ಲ. ಕೋಡೆಕ್ಸ್ ಮೆಂಡೋಜಾದ ಚಿತ್ರಲಿಪಿ ಹೆಚ್ಚು ಸ್ವಾರಸ್ಯಕರ. ಅಲ್ಲಿ ‘ಆವಾಕಟ್ಲಾನ್’ ಎಂಬ ಊರನ್ನು ಹಲ್ಲುಗಳುಳ್ಳ ಒಂದು ಮರ ಸೂಚಿಸುತ್ತದೆ. ಹಲ್ಲು ‘ಟ್ಲಾಂಟ್ಲಿ’, ಅದು ಸ್ಥಳವಾಚಕ ‘-ಟ್ಲಾನ್’ನ ಧ್ವನಿಸಂಕೇತ. ದೇಹದ ಅಂಗಗಳನ್ನು ಬರೆಯಲು ಹಿಂಜರಿಯದ ಲಿಪಿಕಾರ ಪದದ ಮೊದಲ ಭಾಗಕ್ಕೆ ಮರವನ್ನೇ ಆರಿಸಿಕೊಂಡಿದ್ದಾನೆ.

ನಿಜವಾದ ಜಾನಪದ ನಿಷ್ಪತ್ತಿ ನಡೆದದ್ದು ಅಟ್ಲಾಂಟಿಕ್‌ನ ಈಚೆಗೆ. ಸ್ಪಾನಿಷ್‌ನ ‘ಅಗುಆಕಾತೆ’ ವಕೀಲವಾಚಕ ಪದದ ಸೆಳೆತಕ್ಕೆ ಸಿಕ್ಕು ಇಂಗ್ಲಿಷಿನ ‘ಆವಕಾಡೊ’ ಆಯಿತು. ಫ್ರೆಂಚರಿಗೆ ಇಂದಿಗೂ ಹಣ್ಣು, ವಕೀಲ ಎರಡೂ ‘ಅವೊಕಾ’. ಆದರೂ ಆ ಹಣ್ಣಿಗೆ ವಕೀಲನಿಂದ ಹೆಸರು ಬಂದಿತೆಂದು ಯಾರೂ ಹೇಳುತ್ತಿಲ್ಲ.