ಸಾಕ್ಸೋ ಕಟ್ಟಿದ ರಾಜಾವಳಿ

ಡೇನರ ಆದಿರಾಜರನ್ನು ಕುರಿತು ಸಾಕ್ಸೋ ಗ್ರಮಾಟಿಕಸ್ ಕ್ರಿ.ಶ. 1200ರ ಸುಮಾರಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಗೆಸ್ತಾ ಡಾನೋರುಮ್’ ಗ್ರಂಥವನ್ನು ಇತಿಹಾಸವೆಂದು ಒಪ್ಪಿಬಿಡುವುದೂ ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸಮಾನವಾಗಿ ಸುಲಭ. ಹ್ಯಾಮ್ಲೆಟ್ಟನ ಮೂಲಕಥೆಗಾಗಿ ಮಾತ್ರ ಅದನ್ನು ತಿರುವಿಹಾಕುವವರಿಗಂತೂ ಈ ಪ್ರಶ್ನೆಯೇ ಏಳದು.

ಅನ್ಯದೇಶೀಯರಿಗೆ ತಮ್ಮ ಪೂರ್ವಜರ ಚರಿತ್ರೆಯುಂಟು, ಡೇನರಿಗಿಲ್ಲವೆಂಬ ಕೊರಗಿನಿಂದ ಆರ್ಚ್‌ಬಿಷಪ್ ಅಬ್ಸಲೋನನು ಸಾಕ್ಸೋವನ್ನು ಈ ಕಾರ್ಯಕ್ಕೆ ಪ್ರೇರಿಸಿದನು. ಅಭಾವವನ್ನು ತುಂಬಲು ಹೊರಟ ಲೇಖನಿ ಬರಿದಾದ ಸಿಂಹಾಸನವನ್ನು ಸಹಿಸಲಾರದು. ಆದುದರಿಂದಲೇ ಡಾನ್ ಎಂಬ ಮೂಲಪುರುಷನಿಂದ ಮೊದಲ್ಗೊಂಡು ಹದಿನಾರು ಭಾಗಗಳಲ್ಲಿ ಸಾಗುವ ಈ ಪರಂಪರೆಯಲ್ಲಿ ಕಳಚಿದ ಕೊಂಡಿಗಳು ಕಾಣವು. ಕೆಲವೇ ವರ್ಷಗಳ ಹಿಂದೆ ಬರೆದ ಸ್ವೆನ್ ಆಗೆಸೆನ್ನನಾದರೋ ಸ್ಕ್ಯೋಲ್ಡನಿಂದಲೇ ಆರಂಭಿಸುತ್ತಾನೆ. ಮೊದಲ ಅರಸನಾರೆಂಬುದರಲ್ಲಿಯೇ ಸಮಕಾಲೀನರಿಬ್ಬರಿಗೆ ಒಮ್ಮತವಿಲ್ಲ!

ಈ ಸ್ಕ್ಯೋಲ್ಡನ ಪಾತ್ರದಲ್ಲಿ ಸಾಕ್ಸೋವಿನ ರೀತಿ ಸ್ಪಷ್ಟವಾಗುತ್ತದೆ. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದಲ್ಲಿ ಅವನು ಎಲ್ಲಿಂದಲೋ ಕಡಲ ಮೇಲೆ ಬಂದ ಅನಾಥ ಶಿಶು. ಮಡಿದ ಮೇಲೆ ಅವನ ದೇಹವನ್ನು ಹೊತ್ತ ಹಡಗು ಮತ್ತೆ ಕಡಲಿಗೇ ಹೋಗುತ್ತದೆ. ಸಾಕ್ಸೋ ಅವನಿಗೆ ಲೋಥರನೆಂಬ ತಂದೆಯನ್ನು ಒದಗಿಸಿ, ಬಾಲ್ಯದಲ್ಲಿಯೇ ನಡುಪಟ್ಟಿಯಿಂದ ಕರಡಿಯನ್ನು ಬಿಗಿದನೆಂದು ಹೊಗಳುತ್ತಾನೆ. ವಂಶಾವಳಿಗೆ ಒಂದು ಹೆಸರು ಲಭಿಸಿತು. ಆ ಕಡಲಿನ ರಹಸ್ಯ ಮಾತ್ರ ಕಳೆದುಹೋಯಿತು. ಇದು ಕವಿಯಾಗಿ ಸಾಕ್ಸೋ ತೆತ್ತ ಬೆಲೆ.

ಇತಿಹಾಸಕಾರನಾಗಿ ಅವನ ದೋಷ ಬೇರೆ ಬಗೆಯದು. ದಕ್ಷಿಣದ ಗಡಿಯ ಡಾನೆವಿರ್ಕೆ ಎಂಬ ಕೋಟೆಗೋಡೆಯನ್ನು ಗೋರ್ಮನ ರಾಣಿ ಥ್ಯೂರಾ ಕಟ್ಟಿಸಿದಳೆಂದು ಅವನ ಹೇಳಿಕೆ. ಥ್ಯೂರಾ ಕಲ್ಪಿತಳಲ್ಲ, ಯೆಲ್ಲಿಂಗ್‌ನಲ್ಲಿ ಗೋರ್ಮನೇ ಅವಳ ನೆನಪಿಗೆ ನಿಲ್ಲಿಸಿದ ರೂನ್ ಲಿಪಿಯ ಶಿಲಾಶಾಸನವಿದೆ. ಆಕೆ ಹತ್ತನೆಯ ಶತಮಾನದವಳು. ಗೋಡೆಯಲ್ಲಿ ದೊರೆತ ಮರದ ವಾರ್ಷಿಕ ಉಂಗುರಗಳಾದರೋ 737ನೆಯ ವರ್ಷವನ್ನು ಸೂಚಿಸುತ್ತವೆ. 808ರಲ್ಲಿ ಗಡಿಯನ್ನು ಭದ್ರಪಡಿಸಲು ಆಜ್ಞಾಪಿಸಿದವನು ಗೋಡ್‌ಫ್ರೆಡ್ ರಾಜನೆಂದು ಫ್ರಾಂಕರ ವಾರ್ಷಿಕ ವೃತ್ತಾಂತ ತಿಳಿಸುತ್ತದೆ. ವ್ಯಕ್ತಿ ಸತ್ಯ, ಕಟ್ಟಡ ಸತ್ಯ. ಇವೆರಡನ್ನು ಬೆಸೆದ ಸಂಬಂಧ ಮಾತ್ರ ಅಸತ್ಯ.

ಸ್ಥಳದ ನೆನಪಿನಲ್ಲಿ ಈ ಪರಂಪರೆ ಅಷ್ಟಾಗಿ ಎಡವಿಲ್ಲ. ರೋಲ್ಫ್ ಕ್ರಾಕೆಯ ರಾಜಧಾನಿಯೆಂದು ಹೆಸರಾದ ಲೈರೆಯಲ್ಲಿ 1986ರಿಂದ ನಡೆದ ಉತ್ಖನನದಲ್ಲಿ ಸುಮಾರು 48 ಮೀಟರ್ ಉದ್ದದ ಸಭಾಭವನದ ಕುರುಹುಗಳು ಹೊರಬಿದ್ದವು. ಬಳಿಕ ಸನಿಹದಲ್ಲಿಯೇ ಆರನೆಯ ಶತಮಾನದ ಭವನವೊಂದರ ನೆಲೆಯೂ ಕಂಡುಬಂದಿತು. ‘ಬೇವುಲ್ಫ್’ ಚಿತ್ರಿಸುವ ಕಾಲವೂ ಹೆಚ್ಚುಕಡಮೆ ಅದೇ. ಆದರೆ ಆ ಭವನದ ಉನ್ನತಾಸನದಲ್ಲಿ ಕುಳಿತವನು ರೋಲ್ಫನೆಂದು ಹೇಳುವ ಒಂದಕ್ಷರವೂ ಅಲ್ಲಿ ದೊರೆತಿಲ್ಲ.