ಕಲ್ಲಿನ ರಾಶಿ ಎನ್ನುವ ಮುನ್ನ

ಹವಾಯಿಗೆ ಹೋಗಿಬಂದವರನ್ನು ಅಲ್ಲಿನ ಪುರಾತನ ದೇಗುಲಗಳ ಬಗ್ಗೆ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಅಲ್ಲೇನಿದೆ, ಬರೀ ಕಲ್ಲಿನ ರಾಶಿ. ಒಳಗೂ ಬಿಡುವುದಿಲ್ಲ.’ ಅದರ ಬೆನ್ನಿಗೇ ನರಬಲಿಯ ಮಾತು ಬರುತ್ತದೆ. ಮಿಷನರಿಗಳು ಎಲ್ಲವನ್ನೂ ಹಾಳುಗೆಡವಿದರು ಎಂಬ ಮಾತೂ ಬರುತ್ತದೆ. ಕೇಳಿ ಕೇಳಿ ರೂಢಿಯಾಗಿರುವುದರಿಂದ ಇವನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಬೇಕು ಎಂಬುದು ನನ್ನ ವಾದ.

ಹವಾಯಿ ಜನ ತಮ್ಮ ದೇವಸ್ಥಾನವನ್ನು ‘ಹೆಯಾವು’ ಎನ್ನುತ್ತಾರೆ. ದೊಡ್ಡ ದ್ವೀಪದ ವಾಯವ್ಯ ಕರಾವಳಿಯ ಕವಾಯ್‌ಹಾಯ್‌ನಲ್ಲಿ, ಕಡಲಿಗೆ ಎದುರಾದ ಗುಡ್ಡದ ಮೇಲೆ ಪುಉಕೊಹೊಲಾ ಹೆಯಾವು ಇದೆ. ಯುದ್ಧದೇವತೆ ‘ಕೂ’ಗೆ ಅಲ್ಲೊಂದು ದೇಗುಲ ಕಟ್ಟಿಸಿದರೆ ದ್ವೀಪಗಳೆಲ್ಲ ಕೈವಶವಾಗುತ್ತವೆ ಎಂದು ಕಪೊವುಕಾಹಿ ಎಂಬ ಪುರೋಹಿತ ಹೇಳಿದ್ದನ್ನು ನಂಬಿ, ಅರಸ ಕಮೆಹಮೆಹಾ 1790–91ರಲ್ಲಿ ಅದನ್ನು ಕಟ್ಟಿಸಿದ. ಉದ್ದ 224 ಅಡಿ, ಅಗಲ 100 ಅಡಿ. ಚೂರು ಗಾರೆಯಿಲ್ಲ. ನೀರಿನಲ್ಲಿ ಉರುಳಿ ನುಣುಪಾದ ಲಾವಾ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿ ಕೂರುವಂತೆ ಪೇರಿಸಿದ್ದಾರೆ. ಈ ಕಲ್ಲುಗಳು ಸುಮಾರು 20 ಮೈಲಿ ದೂರದ ಪೊಲೊಲೂ ಕಣಿವೆಯಿಂದ ಬಂದವು, ಸಾಲಾಗಿ ನಿಂತ ಸಾವಿರಾರು ಜನ ಅವನ್ನು ಕೈಯಿಂದ ಕೈಗೆ ದಾಟಿಸಿದರು ಎಂದು ಅಲ್ಲಿಯವರು ಹೇಳುತ್ತಾರೆ. ಆ ಕೆಲಸಕ್ಕೆ ರಾಜನೇ ಹೆಗಲು ಕೊಟ್ಟಿದ್ದನಂತೆ. ಅವನ ತಮ್ಮ ಕೆಲಿಯಿಮೈಕಾಯಿ ಪೂಜೆಗಾಗಿ ಮಡಿಯಲ್ಲಿರಬೇಕಾದವನು. ಅವನೂ ಒಂದು ಕಲ್ಲೆತ್ತಿಕೊಂಡಾಗ ಕಮೆಹಮೆಹಾ ಓಡಿಬಂದು ಅದನ್ನು ಕಸಿದುಕೊಂಡು, ದೂರ ಸಮುದ್ರಕ್ಕೆ ಒಯ್ದು ಮುಳುಗಿಸಲು ಹೇಳಿದನೆಂಬ ಕಥೆಯಿದೆ. ಯಾರ ಕೈ ಯಾವ ಕಲ್ಲನ್ನು ಮುಟ್ಟಬೇಕು ಎಂಬುದಕ್ಕೂ ಕಟ್ಟಳೆಯಿದ್ದ ಕಟ್ಟಡವನ್ನು ರಾಶಿ ಎನ್ನಬಹುದೇ?

ನಮ್ಮ ಕಣ್ಣು ಗರ್ಭಗುಡಿ, ಗೋಪುರ, ಕೆತ್ತನೆಯ ಕಂಬಗಳಿಗೆ ಒಗ್ಗಿಹೋಗಿದೆ. ಅವು ಕಾಣದಿದ್ದರೆ ದೇಗುಲ ಹಾಳಾಗಿದೆ ಎಂದುಕೊಳ್ಳುತ್ತೇವೆ. ಇಲ್ಲಿ ಉಳಿಯಬೇಕಾದದ್ದು ಜಗಲಿ. ಅದರ ಮೇಲಿದ್ದ ಮರದ ವಿಗ್ರಹಗಳು, ಹುಲ್ಲಿನ ಗುಡಿಗಳು, ಮರದ ಗೋಪುರ ಮಳೆಬಿಸಿಲಿಗೆ ಸವೆದು ಮತ್ತೆ ಮತ್ತೆ ಹೊಸದಾಗಬೇಕಾದಂಥವು. ಕಡಲಿನ ಕಡೆ ಎತ್ತರದ ಗೋಡೆಯೂ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಟ್ಟೆಗಳಿವೆ. ದೋಣಿಯಲ್ಲಿ ಬರುವವರಿಗೆ ಜಗಲಿಯ ಮೇಲಿದ್ದುದೆಲ್ಲ ಕಾಣುತ್ತಿತ್ತು. ಹೀಗಿರುವಾಗ ಒಳಗೆ ಬಿಡುವುದಿಲ್ಲವೆಂಬ ಗೊಣಗಾಟಕ್ಕೆ ಅರ್ಥವಿಲ್ಲ. ಸಾಮಾನ್ಯರು ಕಾಲಿಡುವ ಜಾಗ ಅದು ಹಿಂದೆಯೂ ಆಗಿರಲಿಲ್ಲ. ಕೆಳಗಿನ ದಾರಿಯಲ್ಲಿ ನಿಂತು ತಲೆಯೆತ್ತಿ ನೋಡುವುದೇ ಅದರ ದರ್ಶನ.

ನರಬಲಿಯ ವಿಷಯವನ್ನು ಮುಚ್ಚಿಡುವವರ ಜೊತೆಗೂ ನನಗೆ ತಕರಾರಿದೆ. ಪುಉಕೊಹೊಲಾದಲ್ಲಿ ಬಲಿ ನಡೆದದ್ದು ನಿಜ. 1791ರಲ್ಲಿ ಪ್ರತಿಷ್ಠೆಗೆಂದು ಕಮೆಹಮೆಹಾ ಕರೆಸಿಕೊಂಡ ತನ್ನ ದಾಯಾದಿ ಕೆಯೊವಾ ದೋಣಿಯಿಂದ ಇಳಿಯುತ್ತಿದ್ದಂತೆ ಕೊಲೆಯಾದ. ಅವನ ದೇಹವನ್ನೇ ದೇವರಿಗೆ ಅರ್ಪಿಸಿದರು. ಆದರೆ ಇಂಥ ಬಲಿ ನಡೆಯುತ್ತಿದ್ದುದು ಆಳುವ ಅರಸರ ಹೆಯಾವುಗಳಲ್ಲಿ. ಮಳೆಬೆಳೆಗಾಗಿ ಲೋನೋ ದೇವರಿಗೆ ಕಟ್ಟಿದವು, ಬೆಸ್ತರು ಕಟ್ಟಿಕೊಂಡವು, ಒಆಹು ದ್ವೀಪದ ಕೆಯಾಯಿವಾದಂತೆ ಗಿಡಮೂಲಿಕೆ ವೈದ್ಯರದ್ದು ಎಂದು ಹೆಸರಾದವು, ಹೀಗೆ ಬಗೆಬಗೆಯ ಹೆಯಾವುಗಳಿದ್ದವು. ಎಲ್ಲಕ್ಕೂ ರಕ್ತದ ಬಣ್ಣ ಬಳಿಯುವುದು ಅನ್ಯಾಯ.

ಮಿಷನರಿಗಳ ಮಾತಂತೂ ಇಸವಿಯ ಮುಂದೆ ನಿಲ್ಲುವುದಿಲ್ಲ. 1819ರ ಮೇ ತಿಂಗಳಲ್ಲಿ ಕಮೆಹಮೆಹಾ ತೀರಿಕೊಂಡ. ಅದೇ ವರ್ಷ ಮಗ ಲಿಹೊಲಿಹೊ ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಗಂಡು ಹೆಣ್ಣು ಕೂಡಿ ಉಣ್ಣಬಾರದೆಂಬ ಕಟ್ಟಳೆಯೇ ಹಳೆಯ ಧರ್ಮದ ತಳಪಾಯವಾಗಿತ್ತು. ಆ ಊಟದ ಹಿಂದೆ ತಾಯಿ ಕೆಓಪುಒಲಾನಿ ಮತ್ತು ಕಮೆಹಮೆಹಾನ ರಾಣಿ ಕಾಹುಮನು ಇದ್ದರು. ದೇಗುಲಗಳನ್ನು ಕೆಡವಿ, ವಿಗ್ರಹಗಳನ್ನು ಸುಡಲು ಅಪ್ಪಣೆ ಕೊಟ್ಟವನು ಲಿಹೊಲಿಹೊನೇ. ಇದನ್ನು ಒಪ್ಪದ ಅವನ ದಾಯಾದಿ ಕೆಕುವಾಒಕಲಾನಿ ಕುವಾಮೊವೊ ಕದನದಲ್ಲಿ ಮಡಿದ. ಪಕ್ಕದಲ್ಲೇ ನಿಂತು ಹೋರಾಡಿದ ಹೆಂಡತಿ ಮನೋನೊ ಕೂಡ ಮಡಿದಳು. ಮಿಷನರಿಗಳ ಹಡಗು ಥ್ಯಾಡಿಯಸ್ ದ್ವೀಪದ ಬಳಿ ಬಂದದ್ದು 1820ರ ಮಾರ್ಚ್ ಕೊನೆಗೆ. ಮುಂದೆ ಅವರು ಹುಲಾ ನೃತ್ಯವನ್ನು ಹತ್ತಿಕ್ಕಲು ಹೊರಟದ್ದು, ಕಬ್ಬಿನ ತೋಟಗಳಿಗಾಗಿ ಎಷ್ಟೋ ಹೆಯಾವುಗಳು ನಾಶವಾದದ್ದು ಬೇರೆ ಅಧ್ಯಾಯ. ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಿದರೆ ಹವಾಯಿ ಜನ ತಮ್ಮೊಳಗೇ ನಡೆಸಿದ ಆ ದೊಡ್ಡ ಜಗಳ, ಅದರಲ್ಲಿ ಹೆಂಗಸರು ವಹಿಸಿದ ಪಾತ್ರ ಎರಡೂ ಅಳಿಸಿಹೋಗುತ್ತವೆ.

ಇನ್ನು, ಹೆಯಾವುಗಳೆಂದರೆ ಸತ್ತ ಧರ್ಮದ ಅವಶೇಷ ಎಂಬ ಮಾತೂ ಇದೆ. ಪ್ರತಿಷ್ಠೆಯಾಗಿ ಇನ್ನೂರು ವರ್ಷ ತುಂಬಿದ 1991ರಲ್ಲಿ, ಕೊಂದವರ ಮತ್ತು ಕೊಲೆಯಾದವರ ವಂಶದವರು ಪುಉಕೊಹೊಲಾದಲ್ಲಿ ಸೇರಿ ರಾಜಿಯ ವಿಧಿ ನಡೆಸಿದರು. ಅಂದಿನಿಂದ ಪ್ರತಿ ಆಗಸ್ಟ್‌ನಲ್ಲೂ ಅಲ್ಲಿ ಜನ ಸೇರುತ್ತಾರೆ. 2006ರ ಅಕ್ಟೋಬರ್ 15ರ ಭೂಕಂಪಕ್ಕೆ ಗೋಡೆಗಳು ಕುಸಿದಾಗ ಸಿಮೆಂಟ್ ಸುರಿಯಲಿಲ್ಲ. ಹಳೆಯ ಪದ್ಧತಿ ಬಲ್ಲವರ ಕೈಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆ ಕಟ್ಟಿಸಿದರು. ಅದೇ ದ್ವೀಪದ ಹೊನೌನೌದಲ್ಲಿ ಮಾಡಿದಂತೆ ಇಲ್ಲೂ ಹುಲ್ಲಿನ ಗುಡಿ, ಮರದ ವಿಗ್ರಹ ನಿಲ್ಲಿಸಿದರೆ ಚಿತ್ರ ತೆಗೆಯಲು ಚೆನ್ನಾಗಿರುತ್ತದೆ ಎನ್ನುವವರಿದ್ದಾರೆ. ಅದನ್ನು ತೀರ್ಮಾನಿಸಬೇಕಾದವರು ಆ ವಂಶಸ್ಥರು, ಕ್ಯಾಮೆರಾ ಹಿಡಿದು ಬಂದ ನಾವಲ್ಲ.

ಕೌವಾಯಿ ದ್ವೀಪಕ್ಕೆ ಹೋಗುವ ಕನ್ನಡಿಗರು ಇರೈವನ್ ಶಿವಾಲಯವನ್ನು ತಪ್ಪಿಸುವುದಿಲ್ಲ. ಬೆಂಗಳೂರಿನ ಬಳಿ ಕೈಯಿಂದಲೇ ಕೆತ್ತಿದ ಕಲ್ಲುಗಳು ಹಡಗೇರಿ ಹೋಗಿ ಎದ್ದುನಿಂತ ಗುಡಿ ಅದು, ಹೆಮ್ಮೆ ಸಹಜ. ಆ ಗುಡಿ ಇರುವ ವಾಯ್ಲುವಾ ನದಿಯ ಆಸುಪಾಸಿನಲ್ಲೇ ಕೌವಾಯಿ ಅರಸರ ಹೊಲೊಹೊಲೊಕೂ, ಪೊಲಿಯಾಹು ಹೆಯಾವುಗಳಿವೆ. ಅಲ್ಲಿಗೂ ಹೋಗಿ. ಗೋಡೆ ಹತ್ತಬೇಡಿ, ಕಲ್ಲು ಕದಲಿಸಬೇಡಿ. ಎಲೆಯಲ್ಲಿ ಕಲ್ಲು ಸುತ್ತಿ ಕಾಣಿಕೆಯೆಂದು ಇಟ್ಟುಬರುವುದನ್ನು ಪ್ರವಾಸಿಗರು ರೂಢಿ ಮಾಡಿಕೊಂಡಿದ್ದಾರೆ. ಹಾಗೆ ಮಾಡಬೇಡಿರೆಂದು ಆ ಜಾಗಗಳನ್ನು ಕಾಯುವವರೇ ಕೇಳಿಕೊಳ್ಳುತ್ತಾರೆ. ಚಪ್ಪಲಿ ಬಿಟ್ಟು ಶಿವಾಲಯದೊಳಗೆ ಹೋಗುವಾಗಿನ ಮನಸ್ಸನ್ನೇ ಅಲ್ಲಿಗೂ ಕೊಂಡೊಯ್ಯಿರಿ.